ಮನವಿ: ಸ್ನೋ ಪ್ಲೌ ಟ್ರಕ್ಕುಗಳ ಬಟನ್ ಫೋರ್ ವೀಲ್ ಡ್ರೈವ್ ಕುರಿತು

ಇವರಿಗೆ,
ಮಾನ್ಯ ಆಡಳಿತಾಧಿಕಾರಿಗಳು,
ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ (ಎನ್‌ಎಚ್‌ಟಿಎಸ್‌ಎ),
ಅಮೆರಿಕ ಸಂಯುಕ್ತ ಸಂಸ್ಥಾನದ ಸಾರಿಗೆ ಇಲಾಖೆ, ವಾಷಿಂಗ್ಟನ್ ಡಿ.ಸಿ.

ಇವರಿಂದ,
ಹಿಮ ತೆಗೆಯುವ ಸಣ್ಣ ಗುತ್ತಿಗೆದಾರರು ಮತ್ತು ಟ್ರಕ್ ಚಾಲಕರು,
ಎರಿ ಕೌಂಟಿ, ನ್ಯೂಯಾರ್ಕ್ ರಾಜ್ಯ

ವಿಷಯ: ಎಲೆಕ್ಟ್ರಾನಿಕ್ ಫೋರ್ ವೀಲ್ ಡ್ರೈವ್ ಬೀಳದಿರುವುದು, ಬಿಡದಿರುವುದು, ಬಿದ್ದಿದೆ ಎಂದು ಸುಳ್ಳು ತೋರಿಸುವುದು – ಇವುಗಳ ತನಿಖೆ ನಡೆಸಿ ಮಾನದಂಡ ರೂಪಿಸಲು ಕೋರಿಕೆ.

ಮಾನ್ಯರೇ,

ಬಫಲೊ ನಗರ ಮತ್ತು ಅದರ ದಕ್ಷಿಣದ ಊರುಗಳಲ್ಲಿ ಚಳಿಗಾಲವಿಡೀ ಅಂಗಡಿ, ಆಸ್ಪತ್ರೆ, ದೇವಸ್ಥಾನಗಳ ಅಂಗಳದಿಂದಲೂ ಮನೆಗಳ ಡ್ರೈವ್‌ವೇಗಳಿಂದಲೂ ಹಿಮ ತಳ್ಳಿ ಬದುಕುವವರು ನಾವು. ನಮ್ಮಲ್ಲಿ ಬಹುಪಾಲು ಜನರ ಬಂಡವಾಳ ಒಂದು ಪಿಕಪ್ ಟ್ರಕ್ಕು ಮತ್ತು ಅದರ ಮೂತಿಗೆ ಕಟ್ಟಿದ ಬ್ಲೇಡು, ಅಷ್ಟೆ. ಫೆಡರಲ್ ಕಾನೂನಿನ 49ನೇ ಸಂಪುಟದ 30162ನೇ ಕಲಮು ಯಾವುದೇ ಆಸಕ್ತ ವ್ಯಕ್ತಿಗೆ ಕೊಟ್ಟಿರುವ ಹಕ್ಕಿನ ಮೇರೆಗೆ ಈ ಮನವಿ ಸಲ್ಲಿಸುತ್ತಿದ್ದೇವೆ. ಮನವಿ ಇಂಗ್ಲಿಷಿನಲ್ಲೇ ಇರಬೇಕು ಎಂಬುದು ತಮ್ಮ ನಿಯಮ. ಅಧಿಕೃತ ಪ್ರತಿ ಹಾಗೆಯೇ ಇದೆ. ಸಹಿ ಹಾಕುವವರಲ್ಲಿ ಕನ್ನಡಿಗರೂ ಇರುವುದರಿಂದ, ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂಬುದನ್ನು ಅವರು ತಮ್ಮ ಭಾಷೆಯಲ್ಲೇ ಓದಿಕೊಳ್ಳಲಿ ಎಂದು ಈ ಕನ್ನಡ ಪಾಠವನ್ನು ಲಗತ್ತಿಸಿದ್ದೇವೆ.

ನಮ್ಮ ದೂರು ಚಿಕ್ಕದು. ಡ್ಯಾಶ್‌ಬೋರ್ಡಿನ ಬಟನ್ ಒತ್ತಿದರೆ ಫೋರ್ ವೀಲ್ ಬೀಳಬೇಕು. ಬೀಳದಿದ್ದರೆ, ಬಿದ್ದಿಲ್ಲ ಎಂಬುದು ಸ್ಟೀರಿಂಗ್ ಹಿಡಿದವನಿಗೆ ಆ ಕ್ಷಣವೇ ತಿಳಿಯಬೇಕು. ಈಗ ರಸ್ತೆಯಲ್ಲಿರುವ ಹಲವು ಟ್ರಕ್ಕುಗಳಲ್ಲಿ ಈ ಎರಡಕ್ಕೂ ಖಾತರಿಯಿಲ್ಲ. ಖಾತರಿ ಕೊಡಿ ಎಂದು ತಯಾರಕರನ್ನು ಕೇಳುವ ಮಾನದಂಡವೂ ಇಲ್ಲ.

ಫೋರ್ ವೀಲ್ ಎಂದರೆ ಕಾಡುಮೇಡು ಸುತ್ತುವವರ ಶೋಕಿ ಎಂಬ ಭಾವನೆ ಕಚೇರಿಗಳಲ್ಲಿ ಇರಬಹುದು. ಪ್ಲೌ ಟ್ರಕ್ಕಿನ ಲೆಕ್ಕವೇ ಬೇರೆ. ನೂರಾರು ಪೌಂಡಿನ ಬ್ಲೇಡನ್ನು ಮುಂದೆ ತೂಗುಹಾಕಿದಾಗ ಭಾರವೆಲ್ಲ ಮುಂದಿನ ಆಕ್ಸಲ್ ಮೇಲೆ ಬಿದ್ದು ಹಿಂದಿನ ಚಕ್ರಗಳು ಹಗುರವಾಗುತ್ತವೆ. ಹಿಂದೆ ಮರಳಿನ ಚೀಲ ಹೇರಿ ಸರಿದೂಗಿಸುತ್ತೇವೆ, ಆದರೂ ನೆಲ ಗಟ್ಟಿಯಾಗಿ ಹಿಡಿಯುವವು ಮುಂದಿನ ಚಕ್ರಗಳೇ. ಟೂ ವೀಲ್‌ನಲ್ಲಿರುವ ಟ್ರಕ್ಕಿನ ಎಂಜಿನ್ ಶಕ್ತಿಯೆಲ್ಲ ಹೋಗುವುದು ಮಾತ್ರ ಹಿಂದಿನ ಹಗುರ ಚಕ್ರಗಳಿಗೆ. ಇಳಿಜಾರಿನ ಡ್ರೈವ್‌ವೇಯಿಂದ ರಿವರ್ಸ್‌ನಲ್ಲಿ ರಸ್ತೆಗೆ ಬಂದ ಟ್ರಕ್ಕು ಮುಂದಕ್ಕೆ ಹತ್ತಲಾರದೆ ರಸ್ತೆಗೆ ಅಡ್ಡಲಾಗಿ ನಿಂತುಬಿಡುತ್ತದೆ. ಬೆಳಗಿನ 4 ಗಂಟೆ, ಹಾರುವ ಹಿಮದಲ್ಲಿ ಕಣ್ಣಿಗೆ ಏನೂ ಕಾಣದು, ಹಿಂದಿನಿಂದ ನಗರಸಭೆಯ ದೊಡ್ಡ ಪ್ಲೌ ಬರುತ್ತಿರುತ್ತದೆ. ಮಿಕ್ಕಿದ್ದನ್ನು ತಾವು ಊಹಿಸಬಹುದು. ಫೋರ್ ವೀಲ್ ಇದ್ದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ ಎಂಬ ತಪ್ಪು ತಿಳಿವಳಿಕೆ ನಮಗಿಲ್ಲ, ಅದು ಹಿಡಿಯದು. ನಾವು ಕೇಳುತ್ತಿರುವುದು ಅಪಾಯದ ಜಾಗದಿಂದ ಹೊರಬರುವ ಶಕ್ತಿಯನ್ನು.

ಬಫಲೊದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 95 ಅಂಗುಲ ಹಿಮ ಬೀಳುತ್ತದೆ. ಆದರೆ ಅದು ಸರಾಸರಿಯಂತೆ ಬೀಳುವುದಿಲ್ಲ. ಎರಿ ಸರೋವರ ಇನ್ನೂ ಹೆಪ್ಪುಗಟ್ಟದ ದಿನಗಳಲ್ಲಿ ಅದರ ಮೇಲೆ ಹಾದುಬರುವ ತಣ್ಣನೆಯ ಗಾಳಿ ನೀರಾವಿ ಹೊತ್ತು ತಂದು ಒಂದು ಕಿರಿದಾದ ಪಟ್ಟಿಯ ಮೇಲೆ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಊರುಗಳ ಮೇಲೆ ಕೆಲವೇ ದಿನಗಳಲ್ಲಿ 80 ಅಂಗುಲದ ಆಸುಪಾಸು ಬಿತ್ತು. ಮರು ತಿಂಗಳ ಬ್ಲಿಜರ್ಡಿನಲ್ಲಿ ಈ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಆಂಬುಲೆನ್ಸು, ಅಗ್ನಿಶಾಮಕ ಗಾಡಿಗಳೇ ಹೂತುಹೋಗಿದ್ದವು. ಆ ಸಾವುಗಳಿಗೂ ನಮ್ಮ ಬಟನ್ನುಗಳಿಗೂ ನಂಟು ಕಲ್ಪಿಸುತ್ತಿಲ್ಲ, ಹಾಗೆ ಮಾಡುವುದು ತಪ್ಪಾದೀತು. ಅಂಥ ಹೊತ್ತಿನಲ್ಲಿ ರಸ್ತೆಯಲ್ಲಿ ಸಿಕ್ಕಿಬಿದ್ದ ಪ್ರತಿಯೊಂದು ಟ್ರಕ್ಕೂ ಇನ್ನೊಬ್ಬರ ದಾರಿ ಕಟ್ಟುತ್ತದೆ ಎಂಬುದಷ್ಟೇ ನಮ್ಮ ಮಾತು.

ಹಳೆಯ ಟ್ರಕ್ಕುಗಳಲ್ಲಿ ನೆಲದಿಂದ ಎದ್ದ ಲಿವರ್ ಇತ್ತು. ಎಳೆದರೆ, ಎಂಜಿನ್ ಶಕ್ತಿಯನ್ನು ಮುಂದಿನ ಆಕ್ಸಲಿಗೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗಿನ ಫೋರ್ಕು ಸರಿದು ಗೇರ್ ಕೂರುತ್ತಿತ್ತು. ಕೂತದ್ದು ಕೈಗೆ ಗೊತ್ತಾಗುತ್ತಿತ್ತು, ಕೂರದಿದ್ದರೆ ಅದೂ ಕೈಗೇ ಗೊತ್ತಾಗುತ್ತಿತ್ತು. ಈಗ ಬಟನ್ ಒತ್ತಿದರೆ ಸಂದೇಶ ಒಂದು ಕಂಟ್ರೋಲ್ ಮಾಡ್ಯೂಲಿಗೆ ಹೋಗುತ್ತದೆ. ಅದು ಬ್ಯಾಟರಿಯ ವೋಲ್ಟೇಜು, ಗಾಡಿಯ ವೇಗ, ಗೇರಿನ ಸ್ಥಿತಿ ನೋಡಿಕೊಂಡು ಟ್ರಾನ್ಸ್‌ಫರ್ ಕೇಸ್ ಹೊರಮೈಗೆ ಬಿಗಿದ ಸಣ್ಣ ಮೋಟರನ್ನು ತಿರುಗಿಸುತ್ತದೆ. ಎಷ್ಟು ತಿರುಗಿತು ಎಂದು ಸೆನ್ಸರ್ ವರದಿ ಕೊಡುತ್ತದೆ. ಬಳಿಕ ಮುಂದಿನ ಆಕ್ಸಲ್ ಅಥವಾ ಹಬ್ಬನ್ನು ಜೋಡಿಸುವ ಇನ್ನೊಂದು ಸಾಧನ ಕೆಲಸ ಮಾಡಬೇಕು. ಕೆಲವು ಗಾಡಿಗಳಲ್ಲಿ ಅದು ವಿದ್ಯುತ್ ಮೋಟರು, ಕೆಲವುಗಳಲ್ಲಿ ವ್ಯಾಕ್ಯೂಮ್. 1980ರ ದಶಕದ ಕೊನೆಯಲ್ಲಿ ಬಂದ ಕೆಲವು ಟ್ರಕ್ಕುಗಳಲ್ಲಂತೂ ಬಿಸಿಯಾಗಿ ಹಿಗ್ಗಿದರೆ ಮಾತ್ರ ಆಕ್ಸಲ್ ಜೋಡಿಸುವ ಸಾಧನವಿತ್ತು. ಚಳಿಗಾಲಕ್ಕೆಂದೇ ಕೊಂಡ ಗಾಡಿಯ ಫೋರ್ ವೀಲು ಚಳಿಯಲ್ಲೇ ತಡವಾಗಿ ಬೀಳುತ್ತಿತ್ತು.

ಈ ಸರಪಳಿಯ ಬಹುತೇಕ ಕೊಂಡಿಗಳಿರುವುದು ಗಾಡಿಯ ಹೊಟ್ಟೆಯಡಿ, ರಸ್ತೆಯ ಉಪ್ಪುನೀರು ಚಿಮ್ಮುವ ಜಾಗದಲ್ಲಿ. ನಾವೇ ಸುರಿಯುವ ಉಪ್ಪು ಕನೆಕ್ಟರಿನೊಳಗೆ ಇಳಿದು ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಮುಂದಿನ ಆಕ್ಸಲಿನ ಮೋಟರು ಬ್ಲೇಡಿನ ಹಿಂದೆಯೇ ಕೂತಿರುವುದರಿಂದ ಕೆಸರುಹಿಮದ ಮೊದಲ ಏಟು ಅದಕ್ಕೆ. ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟು ಒಳಗಿಳಿದ ತೇವ ಹೆಪ್ಪುಗಟ್ಟುತ್ತದೆ. ಇವೆಲ್ಲಕ್ಕಿಂತ ಕಣ್ಣಿಗೆ ಬೀಳದ ಕಾರಣ ವೋಲ್ಟೇಜಿನದು. ಬ್ಲೇಡ್ ಎತ್ತುವ ಹೈಡ್ರಾಲಿಕ್ ಪಂಪು ಒಂದೇ ಏಟಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಬಲ್ಲದು. ಹೆಡ್‌ಲೈಟು, ಪ್ಲೌ ಲೈಟು, ಹೀಟರು, ಉಪ್ಪು ಚೆಲ್ಲುವ ಯಂತ್ರ ಆಗಲೇ ಓಡುತ್ತಿರುತ್ತವೆ. ವೋಲ್ಟೇಜು ಕುಸಿದ ಆ ಗಳಿಗೆಯಲ್ಲೇ ಬಟನ್ ಒತ್ತಿದರೆ ಮಾಡ್ಯೂಲು ಕೆಲಸ ನಿರಾಕರಿಸಬಹುದು, ಅಥವಾ ಅರ್ಧ ದಾರಿಯಲ್ಲಿ ಕೈಬಿಡಬಹುದು. ಮರುದಿನ ಗ್ಯಾರೇಜಿನ ಬೆಚ್ಚಗಿನ ಶೆಡ್ಡಿನಲ್ಲಿ ಅದೇ ಗಾಡಿ ಸರಿಯಾಗಿಯೇ ಓಡುತ್ತದೆ. "ದೋಷ ಕಂಡುಬಂದಿಲ್ಲ" ಎಂಬ ಚೀಟಿಯೂ ಬಿಲ್ಲೂ ನಮ್ಮ ಕೈ ಸೇರುತ್ತವೆ.

ಇನ್ನು ದೀಪದ ವಿಚಾರ. ಬಟನ್ ಒತ್ತಿದಾಗ ದೀಪ ಮಿಟುಕಿ, ಆಮೇಲೆ ಸ್ಥಿರವಾಗಿ ಉರಿಯುತ್ತದೆ. ಸ್ಥಿರವಾದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಬಂತು ಎಂದು ನಂಬುತ್ತೇವೆ. ಆದರೆ ಕೆಲವು ವಿನ್ಯಾಸಗಳಲ್ಲಿ ಆ ದೀಪ ಹೇಳುವುದು ಟ್ರಾನ್ಸ್‌ಫರ್ ಕೇಸಿನ ಮೋಟರು ತಿರುಗಿತು ಎಂದಷ್ಟೆ. ಮುಂದಿನ ಆಕ್ಸಲು ನಿಜಕ್ಕೂ ಜೋಡಿಕೊಂಡಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ಅಂದರೆ ನಮಗೆ ಸಿಗುತ್ತಿರುವುದು ಅರ್ಜಿ ತಲುಪಿದ ರಸೀದಿ, ಮಂಜೂರಾತಿ ಪತ್ರವಲ್ಲ. ಫೋರ್ ವೀಲ್ ಇಲ್ಲ ಎಂದು ಗೊತ್ತಿರುವ ಚಾಲಕ ಇಳಿಜಾರಿಗೆ ಇಳಿಯುವುದೇ ಇಲ್ಲ. ಇದೆ ಎಂದು ನಂಬಿದವನು ಇಳಿದು ಸಿಕ್ಕಿಕೊಳ್ಳುತ್ತಾನೆ. ಕೆಟ್ಟುಹೋದ ಫೋರ್ ವೀಲಿಗಿಂತ ಸುಳ್ಳು ಹೇಳುವ ದೀಪವೇ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬಿಡದೇ ಇರುವುದೂ ಬೀಳದಿರುವಷ್ಟೇ ತೊಂದರೆ. ಹಿಮ ತೆಗೆದ ಒಣ ರಸ್ತೆಯಲ್ಲಿ ಫೋರ್ ವೀಲ್ ಬಿಡದಿದ್ದರೆ ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದನ್ನೊಂದು ಎಳೆದಾಡಿ ಸ್ಟೀರಿಂಗ್ ಬಿಗಿಯುತ್ತದೆ. ಇನ್ನೊಂದು ತೊಂದರೆ ಎಲ್ಲಕ್ಕಿಂತ ಭೀಕರ: ಮೋಟರು ನಡುವೆಯೇ ನಿಂತು ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ನಲ್ಲಿ ಉಳಿಯುವುದು. ಆಗ ಗೇರನ್ನು ಪಾರ್ಕ್‌ಗೆ ಹಾಕಿದರೂ ಗಾಡಿ ನಿಲ್ಲದು, ಏಕೆಂದರೆ ಪಾರ್ಕ್ ಹಿಡಿಯುವುದು ಗೇರ್‌ಬಾಕ್ಸನ್ನು. ಗೇರ್‌ಬಾಕ್ಸಿಗೂ ಚಕ್ರಗಳಿಗೂ ಸಂಬಂಧವೇ ಕಡಿದಿರುತ್ತದೆ. ಇದು ನಮ್ಮ ಕಲ್ಪನೆಯಲ್ಲ. 2014ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆ, ಚಾಲಕ ಕೇಳದೆಯೇ ಟ್ರಾನ್ಸ್‌ಫರ್ ಕೇಸು ನ್ಯೂಟ್ರಲ್‌ಗೆ ಹೋಗಬಹುದೆಂಬ ಕಾರಣಕ್ಕೆ ಸುಮಾರು 4 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳ ರಿಕಾಲ್ ಘೋಷಿಸಿತು. ಪರಿಹಾರ ಸಾಫ್ಟ್‌ವೇರ್ ಬದಲಾವಣೆ. ಟ್ರಾನ್ಸ್‌ಫರ್ ಕೇಸಿನ ಎಲೆಕ್ಟ್ರಾನಿಕ್ಸ್ ಸುರಕ್ಷತೆಯ ಪ್ರಶ್ನೆ ಎಂಬುದು ತಮ್ಮ ಕಡತಗಳಲ್ಲೇ ಆಗಲೇ ದಾಖಲಾಗಿದೆ. ಗೇರ್ ತಾನಾಗಿ ಬಿಡುವುದು ದೋಷವಾದರೆ, ಕೇಳಿದಾಗ ಬೀಳದಿರುವುದೂ ದೋಷವೇ.

ಫೋರ್ ವೀಲು ಅನುಕೂಲದ ಸೌಲಭ್ಯ, ಪ್ಲೌ ಕೆಲಸ ವಿಪರೀತ ಬಳಕೆ ಎಂದು ತಯಾರಕರು ವಾದಿಸಬಹುದು. ಅದಕ್ಕೆ ನಮ್ಮ ಉತ್ತರ ಅವರದೇ ಬೆಲೆಪಟ್ಟಿಯಲ್ಲಿದೆ. ಗಟ್ಟಿ ಸ್ಪ್ರಿಂಗು, ದೊಡ್ಡ ಆಲ್ಟರ್ನೇಟರು ಸೇರಿಸಿ "ಸ್ನೋ ಪ್ಲೌ ಪ್ಯಾಕೇಜ್" ಎಂದು ಹೆಸರಿಟ್ಟು ಮಾರುವವರು ಅವರೇ. ಏತಕ್ಕೆ ಕೊಳ್ಳುತ್ತಿದ್ದೇವೆ ಎಂದು ತಿಳಿದೇ ಮಾರಿದ ಮೇಲೆ ಆ ಬಳಕೆ ವಿಪರೀತ ಹೇಗಾದೀತು? ಚಕ್ರ ಸುಮ್ಮನೆ ತಿರುಗುತ್ತಿರುವಾಗಲೇ ಬಟನ್ ಒತ್ತುವ, ಬೇಸಿಗೆಯಿಡೀ ಫೋರ್ ವೀಲ್ ಮುಟ್ಟದೆ ಜಡವಾಗಲು ಬಿಡುವ ಚಾಲಕರು ನಮ್ಮಲ್ಲಿ ಇಲ್ಲವೆಂದಲ್ಲ. ಅಂಥವರಿಗೂ ಸರಿಯಾದ ಎಚ್ಚರಿಕೆ ಸಿಗಬೇಕು.

ಕಾನೂನಿನ ಬಿರುಕು ಎಲ್ಲಿದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ. ಫೆಡರಲ್ ವಾಹನ ಸುರಕ್ಷತೆಯ 126ನೇ ಮಾನದಂಡ 10,000 ಪೌಂಡಿನವರೆಗಿನ ವಾಹನಗಳಿಗೆ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣವನ್ನು ಕಡ್ಡಾಯ ಮಾಡಿ, ಅದು ಕೆಟ್ಟರೆ ದೀಪ ಹತ್ತಲೇಬೇಕು ಎನ್ನುತ್ತದೆ. ಫೋರ್ ವೀಲಿನ ಲೋ ಗೇರಿಗೆ ಅದೇ ಮಾನದಂಡದಲ್ಲಿ ಪ್ರತ್ಯೇಕ ವಿನಾಯಿತಿಯೂ ಇದೆ. ಫೋರ್ ವೀಲ್ ಎಂಬುದೊಂದಿದೆ ಎಂದು ಒಪ್ಪುವ ಕಾನೂನು, ಅದು ಸರಿಯಾಗಿ ಬಿತ್ತೇ ಎಂದು ಮಾತ್ರ ಕೇಳುವುದಿಲ್ಲ. ದೂರುಗಳ ಲೆಕ್ಕದಲ್ಲೂ ಹೀಗೆಯೇ ಆಗಿದೆ. ತಯಾರಕರು ಸಲ್ಲಿಸುವ ಮುನ್ನೆಚ್ಚರಿಕೆ ವರದಿಗಳಲ್ಲಿ ಟ್ರಾನ್ಸ್‌ಫರ್ ಕೇಸು "ಪವರ್ ಟ್ರೈನ್" ಎಂಬ ದೊಡ್ಡ ತಲೆಬರಹದಡಿ ಕ್ಲಚ್ಚು, ಗೇರ್‌ಬಾಕ್ಸು, ಡಿಫರೆನ್ಷಿಯಲ್‌ಗಳ ಜೊತೆ ಬೆರೆತುಹೋಗುತ್ತದೆ. ಮುಕ್ಕಾಲು ಟನ್ನಿನ ಟ್ರಕ್ಕು ಒಂದು ವರ್ಗಕ್ಕೆ, 10,000 ಪೌಂಡು ಮೀರಿದ ಅದರ ಅಣ್ಣ ಇನ್ನೊಂದು ವರ್ಗಕ್ಕೆ. ಒಂದೇ ಮೋಟರಿನ ಒಂದೇ ದೋಷ ಎರಡು ಕಡತಗಳಲ್ಲಿ ಚದುರಿದರೆ ಅದರ ಪ್ರಮಾಣ ಯಾರಿಗೆ ಕಂಡೀತು?

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ. ಎಲ್ಲಕ್ಕಿಂತ ಮೊದಲು, ಡ್ಯಾಶ್‌ಬೋರ್ಡಿನ ದೀಪ ಟ್ರಾನ್ಸ್‌ಫರ್ ಕೇಸು ಮತ್ತು ಮುಂದಿನ ಆಕ್ಸಲು ಎರಡರ ನಿಜಸ್ಥಿತಿಯನ್ನೂ ಅಳೆದ ಮೇಲೆಯೇ ಸ್ಥಿರವಾಗಬೇಕು. ಜೋಡಣೆ ವಿಫಲವಾದರೆ ಶಬ್ದದೊಂದಿಗೆ, ಓದಬಲ್ಲ ವಾಕ್ಯದಲ್ಲಿ ತಿಳಿಸಬೇಕು. ಇದೊಂದನ್ನು ಕೊಟ್ಟು ಉಳಿದದ್ದನ್ನು ಮುಂದೂಡಿದರೂ ನಾವು ಆಭಾರಿಗಳು.

ಎರಡನೆಯದಾಗಿ, ವಿದ್ಯುತ್ ಕೈಕೊಟ್ಟಾಗ ಕೈಯಿಂದಲೇ ಗೇರ್ ಹಾಕುವ ದಾರಿ ಇರಬೇಕು. ಫೋರ್ಡ್ ಸೂಪರ್ ಡ್ಯೂಟಿ ಟ್ರಕ್ಕುಗಳ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಮುಂದಿನ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡುವ ಡಯಲ್ ಇದೆ. ಟ್ರಾನ್ಸ್‌ಫರ್ ಕೇಸು ಅಲ್ಲೂ ಮೋಟರಿನ ಕೈಯಲ್ಲೇ ಇರುವುದರಿಂದ ಅದು ಅರ್ಧ ಪರಿಹಾರ, ಆದರೆ ಮಾಡಲು ಸಾಧ್ಯ ಎಂಬುದಕ್ಕೆ ಸಾಕ್ಷಿ. ಲಿವರನ್ನೇ ಮರಳಿ ತನ್ನಿ ಎಂದು ನಾವು ಹಟ ಹಿಡಿದಿಲ್ಲ. ಮೋಟರ್ ಬಿಚ್ಚದೆ ಹೊರಗಿನಿಂದ ಸ್ಪ್ಯಾನರ್ ಹಾಕಿ ತಿರುಗಿಸಬಹುದಾದ ಶಾಫ್ಟಿನ ತುದಿ ಇದ್ದರೂ ಸಾಕು. ಈಗ ಕೆಸರುಹಿಮದಲ್ಲಿ ಅಂಗಾತ ಮಲಗಿ ಮೋಟರ್ ಬಿಚ್ಚಿ ಗೇರ್ ಹಾಕಿಕೊಳ್ಳುವವರಿದ್ದಾರೆ. ಮೇಲೆ ನಿಂತ ಟ್ರಕ್ಕು ಜಾರಿದರೆ ಗತಿಯೇನು?

ಜೊತೆಗೆ, ಮಾಡ್ಯೂಲು ಕೆಟ್ಟರೆ ಗೇರು ಇದ್ದ ಸ್ಥಿತಿಯಲ್ಲೇ ಉಳಿಯಬೇಕು, ಯಾವ ಕಾರಣಕ್ಕೂ ನ್ಯೂಟ್ರಲ್‌ಗೆ ಜಾರಬಾರದು. ಪ್ಲೌ ಪ್ಯಾಕೇಜ್ ಹೆಸರಿನಲ್ಲಿ ಮಾರುವ ಪ್ರತಿ ಮಾದರಿಯನ್ನೂ ಉಪ್ಪುನೀರಿನಲ್ಲಿ ನೆನೆಸಿ, ಮೈನಸ್ 30 ಡಿಗ್ರಿ ಚಳಿಯಲ್ಲಿಟ್ಟು, ಹೈಡ್ರಾಲಿಕ್ ಪಂಪ್ ಓಡುತ್ತಿರುವಾಗಲೇ ಗೇರ್ ಬೀಳುವುದನ್ನು ಪರೀಕ್ಷಿಸಬೇಕು. ವರದಿಗಳಲ್ಲಿ ಫೋರ್ ವೀಲ್ ಜೋಡಣೆಗೆ ಪ್ರತ್ಯೇಕ ಸಂಕೇತ ಕೊಡಬೇಕು. ದೋಷಸಂಕೇತ ಡ್ಯಾಶ್‌ಬೋರ್ಡಿನಲ್ಲೇ ಕಾಣಬೇಕು. 1996ರಿಂದ ಕಡ್ಡಾಯವಾದ ಓಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆ ಹೊಗೆಯ ನಿಯಂತ್ರಣಕ್ಕೆ ಹುಟ್ಟಿದ್ದರಿಂದ, ಸಾಮಾನ್ಯ ಸ್ಕ್ಯಾನರಿಗೆ ಟ್ರಾನ್ಸ್‌ಫರ್ ಕೇಸಿನ ಭಾಷೆ ತಿಳಿಯದು.

ತನಿಖೆ ಹಳೆಯ ಗಾಡಿಗಳನ್ನೂ ಒಳಗೊಳ್ಳಲಿ. ಪ್ಲೌ ಟ್ರಕ್ಕುಗಳು ವಾರಂಟಿ ಮುಗಿದ ಮೇಲೂ ಬಹುಕಾಲ ದುಡಿಯುತ್ತವೆ. 2015ರ ಫೆಡರಲ್ ಕಾಯ್ದೆಯೊಂದು ಉಚಿತ ರಿಕಾಲ್ ದುರಸ್ತಿಯ ಅವಧಿಯನ್ನು 10ರಿಂದ 15 ವರ್ಷಕ್ಕೆ ಏರಿಸಿದ್ದು ನಮ್ಮಂಥವರಿಗೆ ದೊಡ್ಡ ಆಸರೆ. ತನಿಖೆ ತಡವಾದಷ್ಟೂ ಆ ಅವಧಿ ಕರಗುತ್ತದೆ.

ಮನವಿ ತಲುಪಿದ 120 ದಿನಗಳೊಳಗೆ ತಾವು ಅದನ್ನು ಒಪ್ಪಬೇಕು ಅಥವಾ ತಿರಸ್ಕರಿಸಬೇಕು, ತಿರಸ್ಕರಿಸಿದರೆ ಕಾರಣಗಳನ್ನು ಫೆಡರಲ್ ರಿಜಿಸ್ಟರಿನಲ್ಲಿ ಪ್ರಕಟಿಸಬೇಕು ಎಂದು ಕಾನೂನು ಹೇಳುತ್ತದೆ. ಆ ಗಡುವು ಪಾಲಿಸಿ, ಸರೋವರದ ಮೇಲಿನ ಗಾಳಿ ಮತ್ತೆ ತಿರುಗುವ ನವೆಂಬರಿಗೆ ಮೊದಲೇ ಲಿಖಿತ ಉತ್ತರ ಕೊಡಬೇಕೆಂದು, ನಮ್ಮ ಗಾಡಿಗಳನ್ನು ತಮ್ಮ ಎಂಜಿನಿಯರುಗಳು ಬಫಲೊದಲ್ಲೇ, ಹಿಮದಲ್ಲೇ ಪರೀಕ್ಷಿಸಬೇಕೆಂದು ಕೋರುತ್ತೇವೆ. ಗಾಡಿಗಳನ್ನೂ ದುರಸ್ತಿಯ ಬಿಲ್ಲುಗಳನ್ನೂ ಒದಗಿಸಲು ನಾವು ಸಿದ್ಧ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಗುತ್ತಿಗೆದಾರರು ಮತ್ತು ಚಾಲಕರು
ಸ್ಥಳ: ಬಫಲೊ