ಸ್ವಿಸ್ ವಾಚಿನ ಪರಂಪರೆ, ಅಪ್ಪನ ಎಚ್‌ಎಂಟಿ

ಬಡ್ತಿ ಸಿಕ್ಕ ಖುಷಿಯಲ್ಲಿದ್ದ ಸಹೋದ್ಯೋಗಿಯ ಜೊತೆ ಈಚೆಗೆ ಬಂಜಾರಾ ಹಿಲ್ಸ್‌ನ ಸ್ವಿಸ್ ವಾಚಿನ ಮಳಿಗೆಗೆ ಹೋಗಿದ್ದೆ. ಬೆಲೆಯೆಲ್ಲ ಲಕ್ಷದ ಲೆಕ್ಕದಲ್ಲಿತ್ತು. ಮಾರಾಟದ ಹುಡುಗ ಯಂತ್ರದ ಬಗ್ಗೆ ಹೇಳಿದ್ದು ಕಡಿಮೆ. ಕಂಪನಿ ಯಾವ ಇಸವಿಯದು, ಎಷ್ಟು ತಲೆಮಾರು ಕಂಡಿದೆ ಎಂಬುದನ್ನೇ ಹೆಚ್ಚು ಹೇಳಿದ. ಹೊರಡುವಾಗ, ‘ಸ್ವಲ್ಪ ಕಾಯಿರಿ ಸರ್, ಸುಂಕ ಇನ್ನೂ ಇಳಿಯುತ್ತೆ’ ಎಂದ.

ಅವನು ಹೇಳಿದ್ದು ನಿಜ. ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳ ಇಎಫ್‌ಟಿಎ ಗುಂಪಿನ ಜೊತೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಹಾಕಿದ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸ್ವಿಸ್ ವಾಚಿನ ಮೇಲಿದ್ದ ಶೇ 20ರಷ್ಟು ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಲ್ಲವಾಗಲಿದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸ್ವಿಸ್ ಸರಕಿನ ಮೇಲೆ ಶೇ 39ರ ಸುಂಕ ಹೇರಿ, ಆಮೇಲೆ ಶೇ 15ಕ್ಕೆ ಇಳಿಸಿತು. ಆ ಪೆಟ್ಟು ತಿಂದವರಿಗೆ ಹೈದರಾಬಾದ್, ಬೆಂಗಳೂರಿನಂಥ ಊರುಗಳ ಹೊಸ ಸಂಬಳದಾರರು ಬೇಕಾಗಿದ್ದಾರೆ.

ಅದೇ ವಾರ ನಾನು ಕೋಠಿಯ ಒಂದು ಗೂಡಂಗಡಿಗೂ ಹೋದೆ. ಕೈಯಲ್ಲಿ ಅಪ್ಪನ ಎಚ್‌ಎಂಟಿ ಜನತಾ ಇತ್ತು. ತುಮಕೂರಿನಲ್ಲಿ ಮೇಷ್ಟರಾಗಿದ್ದ ಅಪ್ಪ ದಿನಾ ಬೆಳಿಗ್ಗೆ ಅದಕ್ಕೆ ಕೀ ಕೊಟ್ಟೇ ಕಾಫಿ ಕುಡಿಯುತ್ತಿದ್ದರು. ಅವರು ಹೋದ ಮೇಲೆ ಅದೂ ನಿಂತಿತ್ತು. ಮುದುಕರು ಭೂತಗನ್ನಡಿ ಹಾಕಿಕೊಂಡು ನೋಡಿ, ‘ಮಾಲ್ ಅಚ್ಛಾ ಹೈ ಸಾಬ್, ಪಾರ್ಟ್ ಕಹಾಂ ಸೇ ಲಾವೂಂ?’ ಎಂದರು.

ಪಾರ್ಟ್ ಎಲ್ಲಿಂದ ತರೋದು? ಪರಂಪರೆಯ ನಿಜವಾದ ಪ್ರಶ್ನೆ ಅದೇ.

ಜಿನೀವಾದ ಪಾಟೆಕ್ ಫಿಲಿಪ್ ಕಂಪನಿ 1839ರಿಂದ ತಾನು ಮಾಡಿದ ಯಾವ ವಾಚನ್ನಾದರೂ ರಿಪೇರಿ ಮಾಡಿಕೊಡುವುದಾಗಿ ಹೇಳುತ್ತದೆ. ಹಳೆಯ ದಾಖಲೆ ತೆಗೆದು, ನಿಮ್ಮ ವಾಚು ತಯಾರಾಗಿದ್ದು ಯಾವಾಗ, ಮಾರಾಟವಾಗಿದ್ದು ಯಾವಾಗ ಎಂದು ಬರೆದುಕೊಡುತ್ತದೆ. ಲಕ್ಷಗಟ್ಟಲೆ ಬೆಲೆಯ ಹಿಂದೆ ಚಿನ್ನ, ಜಾಹೀರಾತು ಎರಡೂ ಇವೆ. ಜೊತೆಗೆ ಜೋಪಾನ ಮಾಡಿದ ಕಡತ, ಬಿಡಿಭಾಗ, ಕಲಿತ ಕೈ ಕೂಡ ಇವೆ.

ಇವು ನಮ್ಮಲ್ಲೂ ಇದ್ದವು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದೇ ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಕಂಪನಿಯ ತಾಂತ್ರಿಕ ನೆರವಿನಿಂದ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಅದು ವಾಚು ಮಾಡತೊಡಗಿತು. ಮುಂದೆ ತುಮಕೂರಿಗೂ ಕಾರ್ಖಾನೆ ಬಂತು. 1987ರಲ್ಲಿ ಟೈಟನ್ ತನ್ನ ಕ್ವಾರ್ಟ್ಜ್ ವಾಚುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಎಚ್‌ಎಂಟಿ ಹಿಂದೆ ಬಿತ್ತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಹೈದರಾಬಾದಿನ ಎಚ್‌ಎಂಟಿ ಬೇರಿಂಗ್ಸ್‌ಗೂ ಅದೇ ನಿರ್ಧಾರದಲ್ಲಿ ಬೀಗ ಬಿತ್ತು.

ಕ್ವಾರ್ಟ್ಜ್ ಹೊಡೆತ ಸ್ವಿಸ್ ಕಂಪನಿಗಳಿಗೂ ಬಿದ್ದಿತ್ತು. 1970ರ ಹೊತ್ತಿಗೆ ಸುಮಾರು 90 ಸಾವಿರವಿದ್ದ ಅಲ್ಲಿನ ವಾಚು ಉದ್ಯೋಗ ಎಂಬತ್ತರ ದಶಕದಲ್ಲಿ ಮೂರನೇ ಒಂದರಷ್ಟಕ್ಕೆ ಕುಸಿಯಿತು. ಅವರು ಒಂದು ಕಡೆ ಅಗ್ಗದ ಸ್ವಾಚ್ ಮಾಡಿದರು. ಇನ್ನೊಂದು ಕಡೆ ಹಳೆಯ ಕೀ ಕೊಡುವ ವಾಚನ್ನೇ ಪರಂಪರೆ ಎಂದು ಮಾರಿದರು. ಆ ಪರಂಪರೆಗೆ ನಮ್ಮವರೂ ಗಿರಾಕಿಗಳು: 1737ರ ಸ್ವಿಸ್ ಹೆಸರು ಫಾವ್ರ್ ಲೂಬಾವನ್ನು ಬೆಂಗಳೂರಿನ ಟೈಟನ್ 2011ರಲ್ಲಿ ಕೊಂಡಿತ್ತು. ಈಗ ಅದು ಇನ್ನೊಂದು ಭಾರತೀಯ ಕಂಪನಿ ಈಥೋಸ್ ಬಳಗದಲ್ಲಿದೆ.

ಎಚ್‌ಎಂಟಿ ಬಗ್ಗೆ ಸುದ್ದಿ ಈಗಲೂ ಬರುತ್ತದೆ. ಬರುವುದು ಬಹುಪಾಲು ಜಾಗದ ಸುದ್ದಿ. ತುಮಕೂರಿನ ಕಾರ್ಖಾನೆ ಜಾಗ ಇಸ್ರೊಗೆ ಹೋಯಿತು. ಬೆಂಗಳೂರಿನ ಜಾಗ ಅರಣ್ಯದ್ದೋ ಕಾರ್ಖಾನೆಯದ್ದೋ ಎಂದು 2024ರಿಂದ ರಾಜ್ಯ–ಕೇಂದ್ರದ ಜಟಾಪಟಿ ನಡೆದಿದೆ. ಪುನಶ್ಚೇತನದ ಮಾತೂ ಕೇಳುತ್ತದೆ. ಅರಣ್ಯ ಉಳಿಯಬೇಕು ಎಂಬುದು ನ್ಯಾಯವೇ. ಆದರೆ ಈ ಗಲಾಟೆಯಲ್ಲಿ ವಾಚಿನ ನಕ್ಷೆ, ಬಿಡಿಭಾಗ, ನಿವೃತ್ತ ಕುಶಲಕರ್ಮಿಗಳ ಅನುಭವ ಏನಾಗಬೇಕು ಎಂದು ಕೇಳುವವರು ಕಡಿಮೆ. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಪರಂಪರಾ ಕೇಂದ್ರ ಚೆನ್ನಾಗಿದೆ. ಆದರೆ ಗಾಜಿನೊಳಗಿನ ವಾಚು ನಮ್ಮ ಮನೆಯ ವಾಚನ್ನು ಓಡಿಸುವುದಿಲ್ಲ.

ಸ್ವಿಸ್ ವಾಚು ಅಗ್ಗವಾದಷ್ಟೂ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಇಲ್ಲಿಯೇ ಬೇಕಾಗುತ್ತವೆ. ಇದೇ ಒಪ್ಪಂದದಲ್ಲಿ ಆ ದೇಶಗಳು 15 ವರ್ಷಗಳಲ್ಲಿ 10 ಸಾವಿರ ಕೋಟಿ ಡಾಲರ್ ಹೂಡಿಕೆ, 10 ಲಕ್ಷ ಉದ್ಯೋಗದ ಮಾತಾಡಿವೆ. ಅದರಲ್ಲಿ ಒಂದು ವಾಚು ತರಬೇತಿ ಶಾಲೆಯನ್ನು ಕರ್ನಾಟಕ ಯಾಕೆ ಕೇಳಬಾರದು? ಎಚ್‌ಎಂಟಿಯಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಇನ್ನು ಇಪ್ಪತ್ತು ವರ್ಷ ಬಿಟ್ಟು ಕೇಳಿದರೆ ಕಲಿಸಲು ಯಾರಿರುತ್ತಾರೆ?

ಹದಿನೈದು ದಿನ ಬಿಟ್ಟು ಕೋಠಿಯಿಂದ ಫೋನ್ ಬಂತು. ಕೆಟ್ಟ ಇನ್ನೊಂದು ಜನತಾದಿಂದ ಪಾರ್ಟ್ ತೆಗೆದು ಹಾಕಿದ್ದರು. ಈಗ ಅಪ್ಪನ ವಾಚಿಗೆ ಬೆಳಿಗ್ಗೆ ನಾನು ಕೀ ಕೊಡುತ್ತೇನೆ. ಮುಂದಿನ ಸಲ ಊರಿಗೆ ಹೋದಾಗ ನೀವೂ ಬೀರು ತೆಗೆದು ನೋಡಿ. ನಿಂತ ಎಚ್‌ಎಂಟಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಓಡದಿದ್ದರೂ, ಇನ್ನೊಬ್ಬರ ಅಪ್ಪನ ವಾಚಿಗೆ ಬೇಕಾದ ಪಾರ್ಟ್ ಅದರಲ್ಲಿರಬಹುದು.