ಮರಳಿ ಏಳದ ಸರ್ವರ್
ದೂರದ ಸರ್ವರ್‌ನಲ್ಲಿ ಅಪ್‌ಗ್ರೇಡ್ ಆದ ಮೇಲೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೇಲೇಳದಿದ್ದರೆ ದೂರದಿಂದ ಒಳಹೊಗುವ ಎಸ್‌ಎಸ್‌ಎಚ್ ಕೂಡ ಇಲ್ಲ. ಸೀರಿಯಲ್ ಕನ್ಸೋಲ್ ಕೆಲಸ ಮಾಡುತ್ತಿದೆಯೇ ಎಂದು ಮೊದಲೇ ನೋಡಿಟ್ಟವರು ಮಾತ್ರ ಒಳಗೆ ಇಣುಕಬಲ್ಲರು. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡುವಾಗ ಹೊಸ ಕರ್ನಲ್ ಹಾಕಿ, ರೀಬೂಟ್ ಮಾಡಿ, ಆಮೇಲಷ್ಟೇ ಉಳಿದ ಪ್ರೋಗ್ರಾಂಗಳನ್ನು ಹಾಕುವುದು ಕ್ರಮ. ಹೊಸ ಕರ್ನಲ್ ಹಳೆಯ ಪ್ರೋಗ್ರಾಂಗಳನ್ನು ಹೇಗೋ ಸಂಭಾಳಿಸುತ್ತದೆ. ಹಳೆಯ ಕರ್ನಲ್‌ಗೆ ಹೊಸ ಪ್ರೋಗ್ರಾಂಗಳು ಕೇಳುವ ಸಿಸ್ಟಂ ಕಾಲ್‌ಗಳೇ ಗೊತ್ತಿರದೆ ಹೋಗಬಹುದು. ನನಗೆ ಹೆಚ್ಚು ಭರವಸೆ ಇರುವುದು ಜೆಡ್‌ಎಫ್‌ಎಸ್ ಫೈಲ್ ಸಿಸ್ಟಂನ ಬೂಟ್ ಎನ್ವಿರಾನ್‌ಮೆಂಟ್ ಮೇಲೆ. ಇಡೀ ವ್ಯವಸ್ಥೆಯ ನಕಲು ಕ್ಷಣದಲ್ಲಿ ಸಿದ್ಧವಾಗುತ್ತದೆ, ಬದಲಾದ ಭಾಗಕ್ಕಷ್ಟೇ ಡಿಸ್ಕ್ ಜಾಗ ಬೇಕು. ಅಪ್‌ಗ್ರೇಡ್ ಅನ್ನು ಆ ನಕಲಿನೊಳಗೇ ಮುಗಿಸಿ, ಅದನ್ನು ‘ಮುಂದಿನ ಒಂದು ಬೂಟ್‌ಗೆ ಮಾತ್ರ’ ಎಂದು ಗೊತ್ತುಮಾಡಬಹುದು. ಅದು ಕೈಕೊಟ್ಟರೆ ಡೇಟಾ ಸೆಂಟರ್‌ನವರು ಒಮ್ಮೆ ಪವರ್ ಆಫ್-ಆನ್ ಮಾಡಿದರೆ ಸಾಕು, ಹಳೆಯದೇ ಮೇಲೇಳುತ್ತದೆ. 2018ರಲ್ಲಿ ಬಂದ 12.0 ಆವೃತ್ತಿಯಿಂದ ಬೂಟ್ ಎನ್ವಿರಾನ್‌ಮೆಂಟ್ ನಿಭಾಯಿಸುವ ಉಪಕರಣ ಫ್ರೀಬಿಎಸ್‌ಡಿಯ ಜೊತೆಯಲ್ಲೇ ಬರುತ್ತಿದೆ. ಲಿನಕ್ಸ್ ಬಳಗದ ಉಬುಂಟುವಿನ ಉಪಾಯ ಬೇರೆ: ಎಸ್‌ಎಸ್‌ಎಚ್ ಮೂಲಕ ಅಪ್‌ಗ್ರೇಡ್‌ಗೆ ಇಳಿದರೆ, ನಡುವೆ ಸಂಪರ್ಕ ಕಡಿದರೂ ಇರಲಿ ಎಂದು 1022ನೇ ಪೋರ್ಟ್‌ನಲ್ಲಿ ಇನ್ನೊಂದು ಎಸ್‌ಎಸ್‌ಎಚ್ ಸರ್ವರ್ ಶುರುಮಾಡುತ್ತದೆ. ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ತೆರೆಯುವ ಕೆಲಸ ಮಾತ್ರ ನಿಮ್ಮದೇ.