ಅಗ್ಗದ ಊಟದ ಬೆಲೆ

ಮನೆಯ ಹೊರಗೆ ಉಣ್ಣುವುದು ನಮ್ಮ ಹಿರಿಯರಿಗೆ ಅನಿವಾರ್ಯದ ಮಾತಾಗಿತ್ತು. ಇಂದಿನವರಿಗೆ ಅದು ಸಂತೋಷದ ಮಾತಾಗಿದೆ. ಊರು ಬಿಡುವಾಗ ಬುತ್ತಿ ಕಟ್ಟಿಕೊಳ್ಳದೆ ಹೊಸ್ತಿಲು ದಾಟದಿದ್ದ ಮನೆತನಗಳ ಮೊಮ್ಮಕ್ಕಳು, ರಜೆಯ ದಿನ ಬಂದರೆ ಇಂದು ಯಾವ ದೇಶದ ಅಡಿಗೆಯ ರುಚಿ ನೋಡೋಣವೆಂದು ಕೇಳುತ್ತಾರೆ. ಈಚೆಗೆ ಕೆಲವರು ತಾಯಂದಿರು ನಮ್ಮ ಮುಂದೆ ಇಂಥದೊಂದು ಪ್ರಶ್ನೆಯನ್ನಿಟ್ಟರು: “ಗುರುಗಳೇ, ಬೆಂಗಳೂರಿನಲ್ಲಿ ಓದುವ ಮಕ್ಕಳು ನಮ್ಮನ್ನು ಕೊರಿಯಾದವರ ಹೋಟೆಲಿಗೆ ಕರೆಯುತ್ತಾರೆ. ಅದು ಸಣ್ಣದು, ಗಂಡಹೆಂಡಿರೇ ನಡೆಸುವಂಥದು, ಖರ್ಚೂ ಹೆಚ್ಚಲ್ಲವೆನ್ನುತ್ತಾರೆ. ನಾವು ಹೋಗಬಹುದೇ?”

ನಮ್ಮ ಉತ್ತರವಿಷ್ಟೆ. ತಟ್ಟೆಯಲ್ಲಿರುವುದು ಏನೆಂಬುದನ್ನು ಕೇಳಿ ತಿಳಿದು ಉಣ್ಣಿರಿ. ಅದನ್ನು ಬಡಿಸಿದ ಕೈ ಯಾವುದೆಂಬುದನ್ನೂ ತಿಳಿದುಕೊಳ್ಳಿರಿ. ಮೊದಲನೆಯದು ಆಚಾರಕ್ಕೆ ಸಂಬಂಧಿಸಿದ ಪ್ರಶ್ನೆ, ಎರಡನೆಯದು ಅಂತಃಕರಣಕ್ಕೆ ಸಂಬಂಧಿಸಿದ್ದು. ಮೊದಲನೆಯದನ್ನು ಕೇಳುವವರು ನಮ್ಮಲ್ಲಿ ಬಹಳ ಮಂದಿ. ಎರಡನೆಯದನ್ನು ಕೇಳುವವರು ವಿರಳ.

ಆಚಾರದ ಮಾತನ್ನು ಮೊದಲು ಮುಗಿಸೋಣ. ಕೊರಿಯಾದ ಊಟದಲ್ಲಿ ಅನ್ನವೇ ಪ್ರಧಾನ. ಅದರ ಜೊತೆಗೆ ಕಿಮ್ಚಿಯೆಂಬ ಉಪ್ಪಿನಕಾಯಿಯಂಥ ವ್ಯಂಜನ ಇದ್ದೇ ಇರುತ್ತದೆ. ಎಲೆಕೋಸನ್ನು ಉಪ್ಪಿನಲ್ಲಿ ನೆನೆಸಿ, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಮೂಲಂಗಿಗಳನ್ನು ಹಚ್ಚಿ ಹುಳಿಯಲು ಬಿಟ್ಟು ಅದನ್ನು ಸಿದ್ಧಪಡಿಸುತ್ತಾರೆ. ನೋಡಿದರೆ ಸಸ್ಯಾಹಾರವೆಂದೇ ತೋರುವ ಈ ಪದಾರ್ಥಕ್ಕೆ ಸಾಮಾನ್ಯವಾಗಿ ಉಪ್ಪುಹಾಕಿದ ಸಿಗಡಿಯನ್ನೋ ಮೀನಿನ ರಸವನ್ನೋ ಸೇರಿಸಿರುತ್ತಾರೆ. ದ್ವೆನ್‌ಜಾಂಗ್ ಎಂಬ ಸೋಯಾ ಅವರೆಯ ಹಿಟ್ಟಿನಿಂದ ಕಾಯಿಸುವ ಸಾರಿಗೂ ಒಣಮೀನು ಬೇಯಿಸಿದ ನೀರನ್ನು ಬಳಸುವುದುಂಟು. ತರಕಾರಿಗಳನ್ನು ಅನ್ನದ ಮೇಲೆ ಜೋಡಿಸಿ ಕಲಸಿ ತಿನ್ನುವ ಬಿಬಿಂಬಾಪ್ ಎಂಬ ಭಕ್ಷ್ಯವನ್ನು ಮಾಂಸವಿಲ್ಲದೆ, ಮೊಟ್ಟೆಯಿಲ್ಲದೆ ಕೊಡಿರೆಂದು ಕೇಳಿ ಪಡೆಯಬಹುದು. ಮೂಗು ಮುರಿಯದೆ ವಿನಯದಿಂದ ಕೇಳಿದರೆ ಯಾವ ದೇಶದ ಅಡಿಗೆಯವರೂ ಇದ್ದುದನ್ನು ಇದ್ದಂತೆ ಹೇಳುತ್ತಾರೆ.

ಅದೇ ನಾಡಿನ ಬೌದ್ಧ ವಿಹಾರಗಳಲ್ಲಿ ಶುದ್ಧ ಸಸ್ಯಾಹಾರದ ಪಾಕಪದ್ಧತಿಯೊಂದು ಬೆಳೆದುಬಂದಿದೆ. ಅಲ್ಲಿ ಮೀನು ಮಾಂಸಗಳಿಲ್ಲ; ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧ. ಭಿಕ್ಷುಗಳು ವಿಧಿಪೂರ್ವಕವಾಗಿ ಉಣ್ಣುವಾಗ ನಾಲ್ಕು ಬಟ್ಟಲುಗಳನ್ನಿಟ್ಟುಕೊಂಡು, ಬೇಕಾದಷ್ಟನ್ನೇ ಹಾಕಿಸಿಕೊಂಡು, ಕೊನೆಯಲ್ಲಿ ಬಟ್ಟಲನ್ನು ನೀರಿನಿಂದ ತೊಳೆದು ಆ ನೀರನ್ನೂ ಕುಡಿದುಬಿಡುತ್ತಾರೆ. ಇದನ್ನು ಓದಿದಾಗ ನಮಗೆ ಬಾಲ್ಯದ ಮಠದ ಪಂಕ್ತಿಯೇ ನೆನಪಾಯಿತು. ಅಲ್ಲಿಯೂ ಹಿರಿಯರು ತಣಿಗೆಯನ್ನು ಬೆರಳಿನಿಂದ ಬಳಿದು, ತೊಳೆದು, ಆ ನೀರನ್ನು ಪ್ರಸಾದವೆಂದೇ ಸ್ವೀಕರಿಸುತ್ತಿದ್ದರು. ಒಂದು ಅಗುಳು ನೆಲಕ್ಕೆ ಬಿದ್ದರೆ ಅದನ್ನು ಎತ್ತಿಕೊಳ್ಳದೆ ಏಳುವಂತಿರಲಿಲ್ಲ. ಸಾವಿರಾರು ಹರದಾರಿ ದೂರದ ಎರಡು ಪರಂಪರೆಗಳು ಅನ್ನದ ಮುಂದೆ ಹೀಗೆ ಒಂದೇ ರೀತಿಯಲ್ಲಿ ತಲೆಬಾಗಿರುವುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಎರಡನೆಯ ಪ್ರಶ್ನೆ. ಆ ನಾಡಿನ ಸಣ್ಣ ಊಟದ ಮನೆಯಲ್ಲಿ ಬೆಕ್‌ಬಾನ್ ಎಂಬುದೊಂದು ಊಟವುಂಟು. ಬಿಳಿಯ ಅನ್ನವೆಂದೇ ಅದರ ಅರ್ಥ. ಒಂದು ಬಟ್ಟಲು ಅನ್ನ, ಒಂದು ಸಾರು, ಸುತ್ತಲೂ ಅಂದಂದಿನ ಪಲ್ಯ, ಉಪ್ಪಿನಕಾಯಿಗಳ ಸಣ್ಣ ಸಣ್ಣ ಬಟ್ಟಲುಗಳು. ಆ ಬಟ್ಟಲು ಬರಿದಾದರೆ ಮತ್ತೆ ತುಂಬಿಸುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ. ಬಡಿಸುವ ಹೆಂಗಸನ್ನು ಜನರು ‘ಇಮೊ’ ಎಂದು ಕರೆಯುತ್ತಾರೆ. ಹಾಗೆಂದರೆ ತಾಯಿಯ ಸೋದರಿ, ನಮ್ಮ ಚಿಕ್ಕಮ್ಮ ದೊಡ್ಡಮ್ಮ. ನಮ್ಮ ಉತ್ತರದ ಖಾನಾವಳಿಗಳಲ್ಲಿ ಹಸಿದವನು “ಯವ್ವಾ, ಇನ್ನೊಂದು ರೊಟ್ಟಿ ಹಾಕು” ಎನ್ನುವುದಿಲ್ಲವೇ? ದುಡ್ಡು ಕೊಟ್ಟು ಉಣ್ಣುವಲ್ಲಿಯೂ ನಂಟಿನ ಹೆಸರಿಡಿದು ಕರೆಯುವ ಈ ಪದ್ಧತಿ ಎರಡೂ ನಾಡುಗಳಲ್ಲಿದೆ.

ಆ ದೇಶ 1950ರಿಂದ 1953ರವರೆಗಿನ ಘೋರ ಯುದ್ಧದಲ್ಲಿ ಬೆಂದುಹೋಗಿತ್ತು. ಯುದ್ಧಕೈದಿಗಳನ್ನು ಅವರವರ ನೆಲೆಗೆ ಸೇರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ 1953ರಲ್ಲಿ ಅಲ್ಲಿಗೆ ಹೋದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಮನೆಮಾರು ಕಳೆದುಕೊಂಡ ಎಷ್ಟೋ ತಾಯಂದಿರು ಆ ದಿನಗಳಲ್ಲಿ ಬೀದಿಯ ಬದಿಯಲ್ಲಿ ಒಲೆ ಹೂಡಿ, ತಮಗೆ ಗೊತ್ತಿದ್ದ ಒಂದೆರಡು ಅಡಿಗೆಗಳನ್ನೇ ಮಾರಿ ಮಕ್ಕಳನ್ನು ಸಾಕಿದರು. ಬೇರೆ ಬಂಡವಾಳವಿಲ್ಲದ ಹೆಣ್ಣಿಗೆ ಅಡಿಗೆಯೇ ಬಂಡವಾಳ. ಈ ಮಾತು ಕೊರಿಯಾಕ್ಕೆ ಎಷ್ಟು ಸಲ್ಲುತ್ತದೆಯೋ ಕನ್ನಡ ನಾಡಿಗೂ ಅಷ್ಟೇ ಸಲ್ಲುತ್ತದೆ.

ಇದೆಲ್ಲ ದೂರದ ಮಾತೆನಿಸಿದರೆ ನಮ್ಮ ಭಕ್ತಾದಿಗಳು ಧರ್ಮಸ್ಥಳಕ್ಕೆ ಹೋಗುವ ಹಾದಿಯನ್ನೊಮ್ಮೆ ನೆನೆಯಲಿ. ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿ ಸೀಮೆಗೆ ಕಾಲಿಡುತ್ತಲೇ ರಸ್ತೆಯ ಬದಿಯಲ್ಲಿ ಹೆಂಚಿನ ಮಾಡಿನ ಸಣ್ಣ ಹೋಟೆಲುಗಳು ಕಾಣಿಸುತ್ತವೆ. ವೇಣೂರಿನಲ್ಲಿ 1604ರ ಬಾಹುಬಲಿಯನ್ನೂ ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯನ್ನೂ ನೋಡಿಕೊಂಡು, ನೇತ್ರಾವತಿಯ ದಡದ ಬಂಟ್ವಾಳದ ಮೇಲೆ ಹಾಯ್ದು ಬರುವವರಿಗೂ ಇಂಥವೇ ಎದುರಾಗುತ್ತವೆ. ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು, ಹಿಂದೆ ಅಡಿಗೆಮನೆ, ಅದರ ಹಿಂದೆ ಆ ಮನೆಯವರ ಮಲಗುವ ಕೋಣೆ. ಬೆಳಿಗ್ಗೆ ನೀರುದೋಸೆ, ಬನ್ಸು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಮಿಡಿ ಉಪ್ಪಿನಕಾಯಿ. ಸಂಜೆ ಗೋಳಿಬಜೆ, ಚಹ. ಮಳೆಗಾಲವಾದರೆ ಕೆಸುವಿನೆಲೆಯ ಪತ್ರೊಡೆಯೂ ಸಿಗಬಹುದು. ಕರಾವಳಿಯ ಅನೇಕ ಹೋಟೆಲುಗಳಲ್ಲಿ ಮೀನೂ ಬೇಯುತ್ತದೆಯಾದುದರಿಂದ ಇಲ್ಲಿಯೂ ಕೇಳಿ ತಿಳಿದೇ ಕುಳಿತುಕೊಳ್ಳಬೇಕು.

ಈ ಸೀಮೆಯ ತಾಯಂದಿರು ಮಳೆ ಹಿಡಿಯುವ ಮೊದಲು ಹಲಸಿನ ಸೊಳೆಯನ್ನೂ ಮಾವಿನಕಾಯಿಯನ್ನೂ ಉಪ್ಪಿನಲ್ಲಿ ಹಾಕಿ ಭರಣಿ ತುಂಬುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂದರೆ ಓಣಿಯ ಹೆಂಗಸರೆಲ್ಲ ಕೂಡಿ ಶಾವಿಗೆ, ಸಂಡಿಗೆ, ಹಪ್ಪಳಗಳನ್ನು ಮಾಡುತ್ತಾರೆ. ಕೊರಿಯಾದಲ್ಲಿ ಚಳಿಗಾಲದ ಮುನ್ನ ನೆರೆಹೊರೆಯವರು ಸೇರಿ ವರ್ಷದ ಕಿಮ್ಚಿಯನ್ನು ಹಾಕಿ ಹಂಚಿಕೊಳ್ಳುತ್ತಾರೆ. ಕಿಮ್‌ಜಾಂಗ್ ಎಂಬ ಈ ಪದ್ಧತಿಯನ್ನು ಯುನೆಸ್ಕೊ ಸಂಸ್ಥೆಯು 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಅಂಗಳದ ಹಪ್ಪಳಕ್ಕೆ ಅಂಥ ಪಟ್ಟಿ ದೊರೆಯದಿದ್ದರೂ ಅದರ ಗೌರವವೇನೂ ಕಡಿಮೆಯದಲ್ಲ.

ಧರ್ಮಸ್ಥಳದ ಅನ್ನಛತ್ರದಲ್ಲಿ ಊಟಕ್ಕೆ ಬೆಲೆಯಿಲ್ಲ. ಅದರ ವೆಚ್ಚವನ್ನು ಕ್ಷೇತ್ರವೂ ಭಕ್ತರ ಕಾಣಿಕೆಯೂ ಹೊರುತ್ತವೆ. ದೊಡ್ಡ ಹೋಟೆಲಿನಲ್ಲಿ ಬೆಲೆಯುಂಟು. ಅದರ ವೆಚ್ಚವನ್ನು ಉಂಡವನೇ ಹೊರುತ್ತಾನೆ. ಈ ಎರಡರ ನಡುವಣ ಸಣ್ಣ ಹೋಟೆಲಿನ ಅಗ್ಗದ ಊಟದ ವೆಚ್ಚವನ್ನು ಹೊರುವವರು ಯಾರು? ಅಕ್ಕಿ, ಬೇಳೆ, ತೆಂಗಿನಕಾಯಿಗಳನ್ನು ಅಂಗಡಿಯವರು ಅಗ್ಗವಾಗಿ ಕೊಡುವುದಿಲ್ಲ. ಅಡಿಗೆಯ ಅನಿಲವೂ ಅಷ್ಟೆ. ಮನೆಗೆ ಕೊಡುವ 14.2 ಕಿಲೊದ ಸಿಲಿಂಡರನ್ನು ಹೋಟೆಲಿನಲ್ಲಿ ಉರಿಸುವಂತಿಲ್ಲ, ಅವರು 19 ಕಿಲೊದ ವಾಣಿಜ್ಯ ಸಿಲಿಂಡರನ್ನೇ ಕೊಳ್ಳಬೇಕು. ಹಾಗಾದರೆ ಉಳಿತಾಯವಾಗುವುದೆಲ್ಲಿ? ವಿಚಾರಿಸಿ ನೋಡಿದರೆ ಅದು ಉಳಿಯುವುದು ಮನೆಯವರ ದುಡಿಮೆಯಲ್ಲಿ. ನಸುಕಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬುವ ಗೃಹಿಣಿಗೆ ಸಂಬಳವಿಲ್ಲ. ಶಾಲೆಯಿಂದ ಬಂದು ಲೋಟ ತೊಳೆಯುವ ಮಗನಿಗೆ ಕೂಲಿಯಿಲ್ಲ. ಗಲ್ಲೆಯ ಮೇಲೆ ಕುಳಿತ ಮುದುಕರಿಗೆ ರಜೆಯಿಲ್ಲ. ನಾವು ಕೊಡದೆ ಉಳಿಸಿಕೊಂಡ ಹತ್ತು ರೂಪಾಯಿ ಆ ತಾಯಿಯ ನಿದ್ದೆಯಿಂದ ಬಂದದ್ದು. ಅಗ್ಗದ ಊಟವೆಂಬುದು ಬೆಲೆಯಿಲ್ಲದ ಊಟವಲ್ಲ. ಅದರ ಬೆಲೆಯ ಒಂದು ಪಾಲನ್ನು ಬೇರೊಬ್ಬರು ಮೌನವಾಗಿ ತೆತ್ತಿರುತ್ತಾರೆ.

ಆಯ್ದಕ್ಕಿ ಲಕ್ಕಮ್ಮ ಮಾರಯ್ಯನವರ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಬೇಕಾದುದಕ್ಕಿಂತ ಮಿಗಿಲಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಮರಳಿ ಕಳಿಸಿದರು. ಈ ಕಥೆಯನ್ನು ನಾವು ಅಡಿಗೆ ಮಾಡುವವರಿಗೆ ಉಪದೇಶಿಸುವುದೇ ಹೆಚ್ಚು. ಉಣ್ಣುವವರಿಗೂ ಅದು ಸಲ್ಲಬೇಡವೇ? ಸಲ್ಲಬೇಕಾದುದಕ್ಕಿಂತ ಹೆಚ್ಚನ್ನು ಪಡೆಯಬಾರದೆಂಬ ನಿಯಮವು ಕೊಳ್ಳುವವನಿಗೂ ಅನ್ವಯಿಸುತ್ತದೆ. ಇನ್ನೊಬ್ಬರ ಬೆವರನ್ನು ಪುಕ್ಕಟೆಯಾಗಿ ಪಡೆದು ‘ಊಟ ಸೋವಿಯಾಯಿತು’ ಎಂದು ಹಿಗ್ಗುವುದು ಶರಣಮಾರ್ಗವಲ್ಲ.

ಇದರಲ್ಲಿ ಇನ್ನೊಂದು ಆತಂಕವೂ ಅಡಗಿದೆ. ಇಂಥ ಮನೆಗಳ ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಹೋಗುತ್ತಾರೆ. ಹೋಗುವುದು ತಪ್ಪಲ್ಲ, ತಂದೆತಾಯಿಗಳು ಒಲೆಯ ಮುಂದೆ ಬೆಂದದ್ದೇ ಅದಕ್ಕಾಗಿ. ಆದರೆ ಅಡಿಗೆಯ ಕೆಲಸ ಕೀಳೆಂಬ ನಾಚಿಕೆಯಿಂದ ಹೋದರೆ ಅದು ನಮ್ಮೆಲ್ಲರ ತಪ್ಪು. ಕೆಳದಿಯ ಬಸವಭೂಪಾಲನು ತನ್ನ ‘ಶಿವತತ್ತ್ವರತ್ನಾಕರ’ದಲ್ಲಿ ರಾಜನೀತಿಯ ಜೊತೆಗೆ ಪಾಕಶಾಸ್ತ್ರಕ್ಕೂ ಎಡೆಗೊಟ್ಟನು. ಅರಸನಿಗೆ ಕೀಳೆನಿಸದ ವಿದ್ಯೆ ನಮಗೇಕೆ ಕೀಳೆನಿಸಬೇಕು? ಮೂಡಬಿದಿರೆಯ ಸಮೀಪದ ಕಡಂದಲೆಯಿಂದ ಬರಿಗೈಯಲ್ಲಿ ಹೊರಟ ಕೆ. ಕೃಷ್ಣರಾಯರು ಹೋಟೆಲಿನ ಅಡಿಗೆಮನೆಯಲ್ಲಿ ದುಡಿದು ಮೇಲೆ ಬಂದು, 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಎಲ್ಲರೂ ಹಾಗೆ ಬೆಳೆಯಲಾರರು, ಬೆಳೆಯಬೇಕಾಗಿಯೂ ಇಲ್ಲ. ನಾಲ್ಕು ಮೇಜಿನ ಹೋಟೆಲು ನಾಲ್ಕು ಮೇಜಿನದಾಗಿಯೇ ಉಳಿದು, ಅದನ್ನು ನಡೆಸುವವರು ತಲೆಯೆತ್ತಿ ಬದುಕುವಂತಾದರೆ ಸಾಕು.

ಆದುದರಿಂದ ನಮ್ಮ ಕುಟುಂಬಗಳಲ್ಲಿ ಕೆಲವು ವಿಷಯಗಳು ರೂಢಿಗೆ ಬರಲೆಂದು ಬಯಸುತ್ತೇವೆ. ಸಣ್ಣ ಹೋಟೆಲಿನಲ್ಲಿ ಬೆಲೆಯ ಬಗ್ಗೆ ಚೌಕಾಸಿ ಮಾಡದಿರಿ. ಬೇಕಾದಷ್ಟನ್ನೇ ಹಾಕಿಸಿಕೊಂಡು, ಹಾಕಿಸಿಕೊಂಡುದನ್ನು ಪೂರ್ತಿಯಾಗಿ ಉಣ್ಣಿರಿ. ಮತ್ತೆ ಮತ್ತೆ ಬಡಿಸುತ್ತಾರೆಂದು ಚೆಲ್ಲುವುದು ಬಡಿಸಿದವರನ್ನು ಅವಮಾನಿಸಿದಂತೆ. ಬಡಿಸಿದವರನ್ನು ಅಕ್ಕ, ಅಮ್ಮ, ಅಣ್ಣ ಎಂದೇ ಕರೆಯಿರಿ. ಬಸ್ಸಿನ ತುಂಬ ಯಾತ್ರಿಕರು ಹೋಗುವಾಗ ಮೊದಲೇ ಹೇಳಿ ಕಳಿಸಿರಿ. ನಲವತ್ತು ಮಂದಿ ಒಮ್ಮೆಲೇ ಬಂದು ಅವಸರಪಡಿಸಿದರೆ ಇಬ್ಬರು ನಡೆಸುವ ಅಡಿಗೆಮನೆ ತತ್ತರಿಸುತ್ತದೆ. ನಮ್ಮವರೇ ಖಾನಾವಳಿ ನಡೆಸುತ್ತಿದ್ದರೆ ಅವರಿಗೂ ಒಂದು ಮಾತು: ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಿರಿ, ಅವರ ಕೈಗೂ ದುಡ್ಡು ಬರಲಿ, ವಾರಕ್ಕೊಂದು ದಿನವಾದರೂ ಒಲೆ ಆರಲಿ. ಅದಕ್ಕಾಗಿ ಊಟದ ಬೆಲೆ ಐದು ರೂಪಾಯಿ ಏರಿದರೆ ಉಣ್ಣುವವರು ಗೊಣಗಬಾರದು. ಕಾಯಕವೆಂಬ ಹೆಸರಿಟ್ಟು ಒಬ್ಬರನ್ನೇ ಜೀತಕ್ಕೆ ಹಚ್ಚುವುದು ಕಾಯಕಕ್ಕೆ ಮಾಡುವ ಅಪಚಾರ.

ಮಕ್ಕಳು ಕರೆದಲ್ಲಿಗೆ ಹೋಗಿರಿ, ತಾಯಂದಿರೇ. ಕೊರಿಯಾದ ಆ ದಂಪತಿಗಳು ಪರದೇಶದಲ್ಲಿ ಒಲೆ ಹೂಡಿ ಬದುಕುತ್ತಿರುವವರು. ಅವರ ಅನ್ನವನ್ನು ಆಚಾರಕ್ಕೆ ಕುಂದು ಬರದಂತೆ ಆರಿಸಿಕೊಂಡು ಗೌರವದಿಂದ ಉಣ್ಣಿರಿ. ಅದೇ ಗೌರವ ಬೆಳ್ತಂಗಡಿಯ ರಸ್ತೆಬದಿಯ ಗಂಜಿಗೂ ಸಿಗಲಿ. ಪರದೇಶದ ಊಟಕ್ಕೆ ಕೇಳಿದಷ್ಟು ಕೊಟ್ಟು, ನಮ್ಮೂರ ಅಕ್ಕನ ದೋಸೆಗೆ ಎರಡು ರೂಪಾಯಿ ಕಡಿಮೆ ಮಾಡೆನ್ನುವ ಬುದ್ಧಿ ಮಾತ್ರ ನಮ್ಮ ಮಕ್ಕಳಿಗೆ ಬಾರದಿರಲಿ.